ಬೈಗುಳದಷ್ಟು ಹೊತ್ತು

ಮಹಡಿ ಮೇಲಿನ ಆಂಟಿಗೆ, ಕೆಳಗೆ ಹಿಂಬದಿಯ ಕೋಣೆಯವಳ ನಮಸ್ಕಾರಗಳು.

ತಿಂಗಳ ಕೊನೆಗೆ ಕೋಣೆ ಖಾಲಿ ಮಾಡೆಂದು ನಿನ್ನೆ ಬೆಳಿಗ್ಗೆ ಹೇಳಿ ಹೋದಿರಿ. ಆಮೇಲೆ ಇಲ್ಲಿ ಏನಾಯಿತೆಂದು ನಿಮಗೆ ಹೇಳಲೇಬೇಕು.

ನಾನು ಮಣಿ ಮಾಡುವುದು ಬೆಳ್ಳಿ ಬೆರೆತ ಗಾಜಿನಿಂದ. ಅದು ಬೆಂಕಿಯಲ್ಲಿ ಬಣ್ಣ ಬದಲಿಸಬೇಕು. ಮೂರು ವಾರದಿಂದ ನನಗೆ ಬಂದದ್ದು ಬರೀ ಕೆಸರುಬಣ್ಣ. ಆರಿದರೆ ಗಾಜು ಬಿರುಕು ಬಿಟ್ಟೀತೆಂದು ಹೆದರಿ, ಉರಿಯಿಂದ ಈಚೆಗೇ ತೆಗೆಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನನಗಿದು ಬೇಕಿತ್ತೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದಾಗ ನೀವು ಬಾಗಿಲಿಗೆ ಬಂದಿರಿ.

"ಏನಮ್ಮಾ, ಮನೆ ಸುಡಬೇಕು ಅಂತಿದೀಯಾ?"

"ಇಲ್ಲ ಆಂಟಿ, ಮಣಿ..."

"ಮಣಿಯಂತೆ ಮಣಿ! ಅಂಗಡೀಲಿ ಬೊಗಸೆ ತುಂಬ ಸಿಗುತ್ತೆ!"

ಹಿರಿಯರ ಮಾತಿಗೆ ಬೆನ್ನು ತೋರಿಸಬಾರದೆಂದು ಮಣಿ ಸುತ್ತಿದ್ದ ಕಬ್ಬಿಣದ ಕಡ್ಡಿಯನ್ನು ಉರಿಯಿಂದ ಬದಿಗೆ ತಂದೆ. ನೀವು ಬೈದು ಮುಗಿಸುವಷ್ಟರಲ್ಲಿ ಅದರ ಕೆಂಪು ಆರಿತ್ತು. ಹೇಗೂ ಹಾಳಾಯಿತೆಂದು, ನೀವು ಅತ್ತ ತಿರುಗಿದ ಕೂಡಲೇ ಮತ್ತೆ ಮೆಲ್ಲಗೆ ಕಾಯಿಸಿದೆ. ಆಂಟಿ, ನೇರಳೆ! ಅಂಚಿನಲ್ಲಿ ನೀಲಿ!

ಅದಕ್ಕೆ ಬೇಕಿದ್ದುದು ಆರಲು ಒಂದಿಷ್ಟು ಬಿಡುವು. ಇಂದು ನಿಮ್ಮ ಬೈಗುಳವನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಅಷ್ಟೇ ಹೊತ್ತು ಆರಿಸಿದೆ. ಮಾಡಿದ ಮೂರು ಮಣಿಗಳೂ ನೇರಳೆಯಾದವು.

ನಿಮ್ಮ ಹೆದರಿಕೆ ತಪ್ಪೆಂದು ನಾನು ಹೇಳಲಾರೆ. ಉರಿಯ ಗ್ಯಾಸ್ ಸಿಲಿಂಡರನ್ನು ಗೋಡೆಯಾಚೆ ಇಡಿಸುತ್ತೇನೆ, ಮೇಜಿಗೆ ತಗಡು ಹೊಡೆಸುತ್ತೇನೆ. ಕೋಣೆ ನನಗೇ ಇರಲಿ.

ಮೊದಲ ಮಣಿ ಈ ಲಕೋಟೆಯಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಮೇಲೂ ಸಿಟ್ಟಿದ್ದರೆ ಬಂದು ಬೈಯಿರಿ, ಆದರೆ ದಯವಿಟ್ಟು ಸ್ವಲ್ಪ ಉದ್ದವಾಗಿ ಬೈಯಿರಿ. ನಾಳೆ ದೊಡ್ಡ ಮಣಿ ಮಾಡುವವಳಿದ್ದೇನೆ.

ಇಂತು,
ನಿಮ್ಮ ಕೆಳಗಿನವಳು