ತವರಿಗೆ ಬಂದ ಹಂಡೆ

ಬೈಲಹೊಂಗಲ
೨೭-೫-೨೦೦೬, ಶನಿವಾರ

ಪ್ರೀತಿಯ ಅಕ್ಕಾ,

ಮಾನ್ಯ ಅಧ್ಯಕ್ಷರೇ, ಮೇಲಿನ ಮಾಡದಲ್ಲಿ ಕುಳಿತ ಗಣ್ಯ ಕೊಡಗಳೇ, ಕೆಳಗೆ ನೆಲದ ಮೇಲೆ ಬೋರಲು ಬಿದ್ದ ಬೋಗಾಣಿಗಳೇ, ಚರಿಗೆಗಳೇ! ಈ ಹೊತ್ತು ನಮ್ಮ ಭಾಂಡೆ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇಲ್ಲದ ಕಾರಣ ನಾನು ತಾಮ್ರದ ವಿಷಯವಾಗಿ ನಾಲ್ಕು ಮಾತು ಆಡಲು ನಿಂತಿದ್ದೇನೆ. ಕ್ಷಮಿಸು ಅಕ್ಕಾ, ಮೊದಲು ಕ್ಷೇಮ ಕೇಳಬೇಕಿತ್ತು. ನಿನ್ನ ಮೊಣಕಾಲ ನೋವು ಹೇಗಿದೆ? ಸುಭಾಸ ಮಾಮಾ ಹೇಗಿದ್ದಾರೆ? ಅವರ ಪರಸಿ ಕಲ್ಲಿನ ವ್ಯಾಪಾರ ನಡೆದಿದೆಯೋ, ಇಲ್ಲಾ ರಾಮದುರ್ಗದ ಜನವೂ ಟೈಲ್ಸ್ ಹಾಕಿಸಿಕೊಂಡು ಜಾರಿ ಬೀಳುವ ಸುಖಕ್ಕೆ ಮನಸೋತರೋ? ಹೋದ ಪತ್ರದಲ್ಲಿ ನೀನು “ನಾವು ಆರಾಮ” ಎಂದು ಮೇಲೊಮ್ಮೆ, ಕೆಳಗೊಮ್ಮೆ, ಅಂಚಿನಲ್ಲೊಮ್ಮೆ ಬರೆದಿದ್ದೆ. ಆರಾಮ ಇದ್ದವರು ಒಂದೇ ಸಲ ಬರೆಯುತ್ತಾರೆ ಅಂದಳು ಅವ್ವ. ಯುಗಾದಿಗೆ ನಾನು ತಂದ ಜೋಳದ ಚೀಲವನ್ನು ನೀನು ಹೊಸ್ತಿಲು ದಾಟಿಸಲಿಲ್ಲ. “ತಮ್ಮಾ, ನಮ್ಮ ಮನ್ಯಾಗ ಜ್ವಾಳ ಅದಾವು. ಇಲ್ಲದವರಿಗೆ ಕೊಡು ಹೋಗು” ಅಂದೆ. ದಾರಿಯಲ್ಲಿ ಇಲ್ಲದವರು ಯಾರೂ ಸಿಗಲಿಲ್ಲ. ಕಂಡಕ್ಟರು ಚೀಲಕ್ಕೂ ಟಿಕೀಟು ಹರಿದ. ಅಂದಿನಿಂದ ಅವ್ವನಿಗೆ ನಿನ್ನದೇ ಚಿಂತೆ. ನನಗೆ ಚಿಂತೆ ಇಲ್ಲ, ಬರೀ ನಿದ್ದೆ ಬರುವುದಿಲ್ಲ.

ಇನ್ನು ಭಾಷಣ. ತಾಮ್ರದ ಬೆಲೆ ಈ ವರ್ಷ ಏಣಿ ಇಲ್ಲದೆ ಏರಿದೆ. ಚೀನಾದವರು ಊರೂರಿಗೆ ತಂತಿ ಎಳೆಯುತ್ತಿದ್ದಾರಂತೆ. ಚಿಲಿ ಎಂಬ ದೇಶದಲ್ಲಿ ಗುಡ್ಡಕ್ಕೆ ಗುಡ್ಡವನ್ನೇ ಅಗೆಯುತ್ತಿದ್ದರೂ ಸಾಲುತ್ತಿಲ್ಲವಂತೆ. ಅದಿರು ಬರಬರುತ್ತ ಬಡವಾಗಿದೆ. ನೂರು ಚಕ್ಕಡಿ ಕಲ್ಲು ಪುಡಿ ಮಾಡಿದರೆ ಒಂದು ಚಕ್ಕಡಿ ತಾಮ್ರ ಹೊರಡುವುದೂ ಕಷ್ಟ ಎಂದು ಪೇಪರಿನಲ್ಲಿ ಓದಿದೆ. ಹಾಗಾಗಿ ಜಗತ್ತಿನ ಕಣ್ಣು ಈಗ ನಮ್ಮ ಬಚ್ಚಲುಗಳ ಮೇಲೆ ಬಿದ್ದಿದೆ. ನಾನೊಂದು ಪದ ಕಟ್ಟಿದ್ದೇನೆ, ನಗಬೇಡ:

ಬೆಟ್ಟ ಅಗೆದರೆ ಒಂದು ಗಣಿ,
ಅಟ್ಟ ಬಗೆದರೆ ಇನ್ನೊಂದು ಗಣಿ.

ಸವದತ್ತಿ, ಕಿತ್ತೂರು ಕಡೆಯ ಅಟ್ಟಗಳೆಲ್ಲ ಇಳಿದು ನಮ್ಮ ತಕ್ಕಡಿಗೆ ಬರುತ್ತಿವೆ. ಮುತ್ತಜ್ಜಿಯ ಕೊಡ ಕೊಟ್ಟು ಮೊಮ್ಮಗಳು ಸ್ಟೀಲಿನ ಡಬ್ಬಿ ಒಯ್ಯುತ್ತಾಳೆ. ತಾಮ್ರಕ್ಕೆ ಸಾವಿಲ್ಲ ನೋಡು. ಇಂದು ಕೊಡ, ನಾಳೆ ತಂತಿ, ಮುಂದೊಮ್ಮೆ ಮತ್ತೆ ಕೊಡ. ಕರಗುವಾಗ ಹೋಗುವುದು ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರೊಂದೇ. ಮದುವೆಯಲ್ಲಿ ಕೊಟ್ಟವರು ಯಾರು, ತಗೊಂಡವಳು ಯಾರು, ಅದನ್ನು ಕುಲುಮೆ ಕೇಳುವುದಿಲ್ಲ.

ಹಳೇ ಭಾಂಡೆ ಕೊಳ್ಳುತ್ತ ಊರೂರು ತಿರುಗುವ ಬಾಬುಸಾಬನನ್ನು ನೀನು ಬಲ್ಲೆ. ಗುರುವಾರ ಆತ ಗಾಡಿ ತುಂಬ ಮಾಲು ತಂದ. ಕೊಂಡದ್ದನ್ನೆಲ್ಲ ಸುತ್ತಿಗೆಯಿಂದ ಚಪ್ಪಟೆ ಮಾಡಿ ಚೀಲಕ್ಕೆ ತುರುಕುವುದು ಆತನ ಪದ್ಧತಿ. ಒಂದು ಹಂಡೆ ಮಾತ್ರ ಇಡಿಯಾಗಿತ್ತು, ಅದಕ್ಕೆ ತನ್ನ ಹೊದಿಕೆ ಸುತ್ತಿದ್ದ. ತಕ್ಕಡಿಗೆ ಏರಿಸದೆ ನನ್ನ ಗಾದಿಯ ಹತ್ತಿರ ಇಳಿಸಿ, “ಸಾವ್ಕಾರ್ರ, ಇದರ ಮ್ಯಾಲಿನ ಹೆಸರು ಓದಿದ್ಯಾ, ಒಡ್ಯಾಕ ಕೈ ಏಳಲಿಲ್ಲರಿ” ಅಂದ. ಯಾರೋ ತಂದೆ ಯಾರೋ ಮಗಳಿಗೆ ಕೊಟ್ಟದ್ದು. ಹೆಸರು ಹೇಳುವುದು ಈ ಸಭೆಗೆ ಸಭ್ಯವಲ್ಲ.

ನಾನು ಅದರ ಮೇಲೆ ಗೋಣಿತಟ್ಟು ಮುಚ್ಚಿ ಕುಳಿತೆ. ಬುತ್ತಿ ತಂದ ಅವ್ವ ತಟ್ಟು ಸರಿಸಿ ನೋಡಿದಳು. ಓದಲು ಬಾರದವಳು ಕಂಠದ ಸುತ್ತ ಬೆರಳಾಡಿಸಿದಳು. ಮನೆಗೆ ಒಯ್ದು ಹುಣಸೆಹಣ್ಣು ಹಚ್ಚಿ ಸಂಜೆಯತನಕ ತಿಕ್ಕಿದಳು. ಈಗ ಅದು ಮುಳುಗುವ ಸೂರ್ಯನ ಹಾಗೆ ಪಡಸಾಲೆಯಲ್ಲಿ ಕುಳಿತಿದೆ. ಕೊನೆಗೆ ಅಂದದ್ದು ಇಷ್ಟು: “ತವರಿಗೆ ಬಂದ ಭಾಂಡೆ ಬರಿದ ಹೊಳ್ಳಿ ಹೋಗಬಾರ್ದು. ಜ್ವಾಳ ತುಂಬು. ಏನೂ ಕೇಳಬ್ಯಾಡ. ಆಕಿ ಏನ್ ಕೊಡತಾಳ, ಉಂಡು ಬಾ.”

ನಿನಗೆ ನೆನಪಿದೆಯಲ್ಲ, ಓಣಿಯವರು ಮಜ್ಜಿಗೆ ತಂದ ಚರಿಗೆಯನ್ನು ಕೂಡ ಅವ್ವ ಬರಿದಾಗಿ ಹಿಂತಿರುಗಿಸಿದವಳಲ್ಲ. ಏನೂ ಇಲ್ಲದ ದಿನ ನಾಲ್ಕು ಹರಳು ಉಪ್ಪಾದರೂ ಹಾಕುತ್ತಿದ್ದಳು. ಜಗತ್ತಿನ ಗಣಿಗಾರರಿಗೆ ಈ ಕಾಯ್ದೆ ಗೊತ್ತಿದ್ದರೆ ಗುಡ್ಡಗಳು ಇಷ್ಟು ಬೋಳಾಗುತ್ತಿರಲಿಲ್ಲ ಎಂದು ಹೇಳುತ್ತಾ, ಚಹಾದ ವ್ಯವಸ್ಥೆ ಇಲ್ಲವೆಂದು ತಿಳಿಸುತ್ತಾ, ನನ್ನ ಮಾತು ಮುಗಿಸುತ್ತೇನೆ.

ಅವ್ವನ ಆಶೀರ್ವಾದ ನಿಮ್ಮಿಬ್ಬರಿಗೂ. ಮಾಮಾನಿಗೆ ನನ್ನ ಶರಣು ಹೇಳು, ಅವರ ಕಲ್ಲಿನ ಮೇಲೆ ಒಂದು ಪದ ಬಾಕಿ ಇದೆ ಎಂದೂ ಹೇಳು.

ನಿನ್ನ ತಮ್ಮ,
ಗೌರೀಶ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಯಾರೋ ತಂದೆ, ಯಾರೋ ಮಗಳು ಅಂದದ್ದು ಸುಳ್ಳು. “ಚಿ. ಸೌ. ನಾಗರತ್ನಾಳಿಗೆ ತಂದೆ ನಿಜಗುಣಪ್ಪ” ಎಂದಿದೆ. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಮುಂದೆ ಕುಳಿತು ಆ ಚುಕ್ಕೆಗಳನ್ನು ಹೊಡೆದವನು ನಾನೇ. ಭಾಷಣವೆಲ್ಲ ಇದನ್ನು ಹೇಳಲು ಧೈರ್ಯ ಬಾರದ್ದಕ್ಕೆ. ಬುಧವಾರ ಮೊದಲ ಬಸ್ಸಿಗೆ ಬರುತ್ತೇನೆ. ಚೀಲ ತರುವುದಿಲ್ಲ ಅಕ್ಕಾ, ನಿನ್ನ ಹಂಡೆಯನ್ನು ನಿನಗೆ ತರುತ್ತೇನೆ. ಅದರಲ್ಲಿ ಇರುವುದು ಅವ್ವನ ಕಾಯ್ದೆ. ನಾನು ಏನೂ ಕೇಳುವುದಿಲ್ಲ. ಬಚ್ಚಲ ಒಲೆಯ ಬೂದಿ ತೆಗೆದಿಡು.