ಚಿಟಿಕೆಯಷ್ಟು ಲಿಥಿಯಂ

ಅಕ್ಕಾ,

ನೀನು ಹೋದ ಮೇಲೆ ಈ ಪಾಠವನ್ನು ಪ್ರತಿವರ್ಷ ಬೇರೆ ಮೇಷ್ಟ್ರಿಗೆ ದಾಟಿಸುತ್ತಿದ್ದೆ. ಇವತ್ತು ಯಾರೂ ಸಿಗಲಿಲ್ಲ. ವಿಶ್ವ ಹುಟ್ಟಿದ ಮೊದಲ ಕೆಲವೇ ನಿಮಿಷಗಳ ಬಿಸಿಯಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಯಿತು, ಚಿಟಿಕೆಯಷ್ಟು ಲಿಥಿಯಂ ಕೂಡ. ಅಷ್ಟರಲ್ಲಿ ಎಲ್ಲ ತಣ್ಣಗಾಯಿತು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು, "ನಮ್ಮಮ್ಮ ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ತಗೋತಾರೆ ಮೇಡಂ. ಕೈ ನಡುಗುತ್ತೆ, ಬಿಟ್ಬಿಡ್ತೀನಿ ಅಂತಿದಾರೆ," ಎಂದಳು.

"ಬಿಡೋಕೆ ಬಿಡಬೇಡ. ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗು. ಬೈದ್ರೆ ಬೈಸ್ಕೋ."

"ಈಗ ಆರಾಮಾಗೇ ಇದಾರಲ್ಲ ಮೇಡಂ?"

ಮಾತ್ರೆ ಬಿಟ್ಟ ಆ ವಾರ ನೀನೂ ಆರಾಮಾಗೇ ಇದ್ದೆ, ನಗುತ್ತಿದ್ದೆ. ಆಮೇಲೆ ನೀನು ಉಳಿಯಲಿಲ್ಲ. ಅದನ್ನು ಹೇಳಲು ಹೋಗಿ, ಅವಳ ಬ್ಯಾಗು ಎತ್ತಿ ಕೈಗೆ ಕೊಟ್ಟೆ. ಇನ್ನೂ ಬೆಲ್ ಆಗಿರಲಿಲ್ಲ. ಅವಳನ್ನು ಮನೆಗೆ ಕಳಿಸಿದೆ.