ಒಂಬತ್ತು ಗಂಟೆಯ ಡ್ಯೂಟಿ

ನೌಪಾಡಾ, ಥಾಣೆ
೧೮ ಆಗಸ್ಟ್ ೨೦೧೯

ಚಿರಂಜೀವಿ ದಿಶಾಳಿಗೆ,

ಹೋದ ತಿಂಗಳು ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮುದುಕಿ ನಾನು, ವೇದಾವತಿ. ಘಣಸೋಲಿಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿ ಆರು ತಿಂಗಳಾಯಿತು ಎಂದೆ ನೀನು. ಊರು ಕಾರ್ಕಳ, ತಂದೆಯ ಹೆಸರು ಭುಜಂಗ ಎಂದೆ. ನಾನು ಕೂಡಲೇ ನಿನ್ನ ಎಡಗೈಯ ಮಣಿಕಟ್ಟು ನೋಡಿದೆ. ಗಾಯದ ಗುರುತು ಅಲ್ಲೇ ಇತ್ತು. "ಅಂಬರನಾಥಕ್ಕೆ ಹೋಗಿ ಅಪ್ಪನನ್ನು ನೋಡಿ ಬಂದೆಯಾ?" ಎಂದು ಕೇಳಿದ್ದಕ್ಕೆ ನೀನು ನಗುತ್ತಲೇ ಹೇಳಿದೆ: "ಇಲ್ಲ ಆಂಟಿ. ನಾಲ್ಕು ವರ್ಷದವಳನ್ನು ಅತ್ತೆ ಮನೆಯಲ್ಲಿ ಬಿಟ್ಟು ಹೋದವರು ಅವರು. ಅವರಿಗೆ ನಾನು ಬೇಡವಾಗಿತ್ತು. ಈಗ ಸುಮ್ಮನೆ ಹೋಗಿ ಯಾಕೆ ತೊಂದರೆ ಕೊಡೋದು?"

ಆಗಲೇ ಉತ್ತರ ಹೇಳಬೇಕಿತ್ತು. ಅದಕ್ಕೇ ಈ ಕಾಗದ.

ನೌಪಾಡಾದಲ್ಲಿ ನನ್ನ ಯಜಮಾನರದ್ದು, ವಿಷ್ಣುಮೂರ್ತಿಯವರದ್ದು, ಸಣ್ಣದೊಂದು ಸಸ್ಯಾಹಾರಿ ಹೋಟೆಲು. ನಿನ್ನ ಅಪ್ಪ ಅಲ್ಲಿ ಬೆಳಗಿನ ಗಲ್ಲೆಯಲ್ಲಿ ಹಣ ತೆಗೆದುಕೊಳ್ಳಲು ಕೂರುತ್ತಿದ್ದ. ಆರು ಗಂಟೆಗೆ ಬಾಗಿಲು ತೆರೆಯಬೇಕು, ಹಾಗಾಗಿ ಡೊಂಬಿವಲಿಯ ಚಾಳಿನ ಒಂದು ಕೋಣೆಯಿಂದ ಐದಕ್ಕೆ ಮೊದಲೇ ಹೊರಡುತ್ತಿದ್ದ. ೨೦೦೨ರ ಮಳೆಗಾಲದಲ್ಲಿ ನಿನ್ನ ಅಮ್ಮ ಜಯಲತಾ ಜಾಂಡಿಸ್ ಆಗಿ ಹತ್ತೇ ದಿನದಲ್ಲಿ ಹೋಗಿಬಿಟ್ಟಳು. ಹದಿಮೂರನೆಯ ದಿನ ಮುಗಿಸಿ ಭುಜಂಗ ಮತ್ತೆ ಗಲ್ಲೆಗೆ ಬಂದಾಗ ಅವನ ಕಾಲ ಬಳಿ ಅಕ್ಕಿಮೂಟೆಗೆ ಒರಗಿ ನೀನು ನಿದ್ದೆ ಮಾಡುತ್ತಿದ್ದೆ. ಒಂದು ವಾರ ಹಾಗೇ ನಡೆಯಿತು. ಹೋಟೆಲಿಗೆ ಮಗುವನ್ನು ಕರೆತರಬೇಡ ಎಂದು ಹೇಳಿಸಿದವಳು ನಾನು. ಗಿರಾಕಿಗಳು ಏನೆಂದುಕೊಂಡಾರು ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಆಗ ನಾನು ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ಒಂಟಿಯಾಗಿ ಮಕ್ಕಳನ್ನು ಸಾಕುವ ಹೆಂಗಸರಿಗೆಂದು ನಮ್ಮಲ್ಲಿ ಒಂದು ನಿಧಿ ಇತ್ತು. ಒಂದು ಮಧ್ಯಾಹ್ನ ಭುಜಂಗ ನಮ್ಮ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ. ಎಲ್ಲವನ್ನೂ ಯೋಚಿಸಿಯೇ ಬಂದಿದ್ದ. "ಅಮ್ಮಾ, ಸ್ಟೇಶನ್ ಹತ್ರ ಒಂದು ಪಾಳಣಾಘರ ಉಂಟು. ಎಂಟು ಗಂಟೆಗೆ ತೆಗೀತಾರೆ, ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ತಾರೆ. ಧಣಿಗಳು ನನಗೆ ಬೆಳಿಗ್ಗೆ ಒಂಬತ್ತು ಗಂಟೆಯ ಡ್ಯೂಟಿ ಕೊಟ್ರೆ ಮಗುವನ್ನು ಅಲ್ಲಿ ಬಿಟ್ಟು ಬರ್ತೇನೆ. ಅದಾಗದಿದ್ರೆ ಪಾಳಣಾಘರದ ಫೀಸು ಒಂದಷ್ಟು ತಿಂಗಳು ನಿಮ್ಮ ನಿಧಿಯಿಂದ ಸಿಕ್ಕಿದ್ರೂ ಆಯ್ತು. ಬೆಳಿಗ್ಗೆ ಮೂರು ತಾಸು ನೋಡಲಿಕ್ಕೆ ಯಾರಿಗಾದ್ರೂ ನಾನೇ ಸಂಬಳ ಕೊಡ್ತೇನೆ."

ನಾನು ಅರ್ಜಿಯ ಹಾಳೆ ತೆಗೆದು ನಿಯಮ ಓದಿ ಹೇಳಿದೆ. ವಿಧವೆಯರಿಗೆ, ಗಂಡ ಬಿಟ್ಟವರಿಗೆ ಮಾತ್ರ. ವಿಧವೆಯಾದರೆ ಗಂಡನ ಮರಣದ ಪ್ರಮಾಣಪತ್ರ ಲಗತ್ತಿಸಬೇಕು. ಅವನು ಪ್ಲಾಸ್ಟಿಕ್ ಕವರಿನಿಂದ ಹೆಂಡತಿಯದನ್ನು ಹೊರತೆಗೆದಿದ್ದ. ಅದನ್ನು ಹಾಗೇ ಮಡಚಿ ಮತ್ತೆ ಒಳಗಿಟ್ಟುಕೊಂಡ.

"ಇನ್ನೂ ಮೂವತ್ತೆರಡು ವರ್ಷ ನಿನಗೆ. ಒಂದು ಮದುವೆ ಆಗಿಬಿಡು. ಎಲ್ಲ ಸರಿಹೋಗ್ತದೆ" ಎಂದೆ.

"ನನಗೆ ಹೆಂಡತಿ ಬೇಡ ಅಮ್ಮಾ" ಎಂದ ನಿನ್ನ ಅಪ್ಪ. "ನನ್ನ ಮಗುವಿನ ಹತ್ರ ಎಂಟು ಗಂಟೆವರೆಗೆ ಯಾರಾದ್ರೂ ಇದ್ರೆ ಸಾಕು."

ಆ ಮಾತು ನನಗೆ ಉದ್ಧಟತನವೆನಿಸಿತು. ಗಂಡಸಾಗಿ ಹೆಂಗಸರ ನಿಧಿಗೆ ಕೈಯೊಡ್ಡುತ್ತಾನಲ್ಲ ಎಂಬ ತಾತ್ಸಾರವೂ ಒಳಗೆ ಇತ್ತು, ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಮಕ್ಕಳು ನನ್ನ ಅತ್ತೆಯವರ ಮಡಿಲಲ್ಲಿ ಬೆಳೆದವರು. ಮೂರು ತಾಸಿನ ಬೆಲೆ ನನಗೆ ಗೊತ್ತೇ ಇರಲಿಲ್ಲ. ಡ್ಯೂಟಿ ಬದಲಿಸುವ ವಿಷಯವನ್ನು ಯಜಮಾನರ ಕಿವಿಗೆ ಹಾಕುತ್ತೇನೆ ಎಂದು ಹೇಳಿ ಕಳಿಸಿದೆ. ಹಾಕಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಬೆಳಗಿನ ಗಲ್ಲೆಗೆ ಅವನಷ್ಟು ನಂಬಿಕೆಯ ಇನ್ನೊಬ್ಬ ನಮಗೆ ಸಿಗುತ್ತಿರಲಿಲ್ಲ.

ಅವನು ಎರಡು ವಾರ ಕಾದ. ಆಮೇಲೆ ಬೇರೆ ದಾರಿ ಕಾಣದೆ, ಮಲಗಿದ್ದ ನಿನ್ನನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಬರತೊಡಗಿದ. ಪಕ್ಕದ ಕೋಣೆಯ ಮಾನಮ್ಮ, ಬಿಜಾಪುರ ಕಡೆಯವಳು, ಬೇರೆಯವರ ಮನೆಗೆಲಸ ಮುಗಿಸಿ ಬಂದು ಏಳಕ್ಕೆ ಬೀಗ ತೆಗೆಯುತ್ತಿದ್ದಳು. ಒಂದು ದಿನ ಲೋಕಲ್ ರೈಲು ನಿಂತು ಅವಳು ಬರುವುದು ತಡವಾಯಿತು. ಎಚ್ಚರವಾದ ನೀನು ಸ್ಟೂಲು ಹತ್ತಿ ಕಿಟಕಿಯ ಸರಳಿನೊಳಗೆ ಕೈ ತೂರಿಸಿದ್ದೆ. ಸ್ಟೂಲು ಜಾರಿತು. ನೆರೆಯವರು ಬೀಗ ಒಡೆದು ಒಳಗೆ ಬರುವವರೆಗೆ ನೀನು ಆ ಕೈಯಲ್ಲೇ ಜೋತುಬಿದ್ದಿದ್ದೆ. "ಕೂಸಿನ ದನಿನೇ ಹೊಂಟಿರಲಿಲ್ಲ ನೋಡ್ರಿ, ಅತ್ತು ಅತ್ತು ಗಂಟಲಾ ಕಟ್ಟಿತ್ತು" ಎಂದು ಮಾನಮ್ಮ ಆಮೇಲೆ ನನ್ನೆದುರು ಹೇಳಿ ಅತ್ತಳು. ಮಣಿಕಟ್ಟಿನದು ಮರದಿಂದ ಬಿದ್ದ ಗಾಯ ಎಂದು ನಿನಗೆ ಹೇಳಿರಬಹುದು. ಅಲ್ಲ ಮಗಳೇ.

ಅದೇ ವಾರ ಅವನು ನಿನ್ನನ್ನು ಕಾರ್ಕಳಕ್ಕೆ ಅಕ್ಕನ ಮನೆಗೆ ಕರೆದೊಯ್ದ. ಹಿಂತಿರುಗಿ ಬಂದು ಒಂದು ತಿಂಗಳು ದುಡಿದು, ಲೆಕ್ಕ ಚುಕ್ತಾ ಮಾಡಿ, ನಮ್ಮ ಹೋಟೆಲು ಬಿಟ್ಟ. ನನ್ನೊಡನೆ ಒಂದು ಮಾತೂ ಜಗಳವಾಡಲಿಲ್ಲ.

ಅಲ್ಲಿಗೆ ನಾನು ಅವನನ್ನು ಮರೆತೇಬಿಟ್ಟೆ. ಏಳು ವರ್ಷದ ನಂತರ, ೨೦೦೯ರಲ್ಲಿ, ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ ಬಾಲಮ್ಮನ ಗಂಡ ಮನೆ ಬಿಟ್ಟು ಹೋದ. ಮಗುವನ್ನು ಪಾಳಣಾಘರದಲ್ಲಿ ಬಿಟ್ಟು ಒಂಬತ್ತಕ್ಕೆ ಬರಲೇ ಎಂದು ಅವಳು ಕೇಳಿದಳು. ಊಟ ಬಡಿಸುತ್ತಾ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆಯೇ, "ಅದಕ್ಕೇನಂತೆ, ಬರಲಿ" ಎಂದರು.

ಅಷ್ಟೇ. ಅಷ್ಟೇ ಆಗಿತ್ತು ದಿಶಾ.

ಅವರಿವರನ್ನು ಕೇಳಿ ನಿನ್ನ ಅಪ್ಪನನ್ನು ಹುಡುಕಿಕೊಂಡು ಹೋದೆ. ಅಂಬರನಾಥದ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿದ್ದ. ನನ್ನನ್ನು ಕಂಡು ಕೈಯೊರೆಸಿಕೊಂಡು ಓಡಿಬಂದು ಕಾಫಿ ಮಾಡಿಕೊಟ್ಟ. ನಾನು ತಪ್ಪಾಯಿತೆಂದೆ. ಆಗ ಅವನು ಹೇಳಿದ ಸಂಗತಿಯೇ ನಿನಗೆ ಮುಖ್ಯವಾಗಿ ಗೊತ್ತಾಗಬೇಕಾದದ್ದು.

ನಿನ್ನನ್ನು ಬಿಟ್ಟುಬಂದ ಮೇಲೆ ಅವನು ಹಗಲಿನ ಡ್ಯೂಟಿ ಇರುವ ಕೆಲಸಕ್ಕಾಗಿ ಕಲ್ಯಾಣದಿಂದ ನವಿ ಮುಂಬಯಿವರೆಗೆ ಅಲೆದನಂತೆ. ಒಂದೂವರೆ ವರ್ಷಕ್ಕೆ ಈ ಕ್ಯಾಂಟೀನು ಸಿಕ್ಕಿತು, ಒಂಬತ್ತರಿಂದ ಆರು. ಹತ್ತಿರದಲ್ಲೇ ಕೋಣೆ ಹಿಡಿದ. ಪಾಳಣಾಘರ ನಡೆಸುವ ಹೆಂಗಸಿನ ಹತ್ತಿರ ಮಾತಾಡಿದ. ಶಾಲೆಯಲ್ಲಿ ನಿನ್ನ ಹೆಸರು ಬರೆಸಿದ. ೨೦೦೪ರ ಮೇ ತಿಂಗಳಲ್ಲಿ ಎರಡು ಟಿಕೆಟ್ ಮಾಡಿಸಿಕೊಂಡೇ ನಿನ್ನನ್ನು ಕರೆತರಲು ಊರಿಗೆ ಬಂದ. ನೀನು ಅಂಗಳದಲ್ಲಿ ಆಡುತ್ತಿದ್ದವಳು ಅವನನ್ನು ಕಂಡು ಓಡಿಹೋಗಿ ಅತ್ತೆಯ ಸೀರೆ ಹಿಡಿದುಕೊಂಡೆಯಂತೆ. "ಯಾನ್ ಬರ್ಪುಜಿ, ಯಾನ್ ಬರ್ಪುಜಿ" ಎಂದು ಮೂರು ದಿನ ಅಳುತ್ತಲೇ ಇದ್ದೆಯಂತೆ. ಬರುವುದಿಲ್ಲ ಎಂದು. ನಿನ್ನ ಅತ್ತೆಯೂ ಅಳುತ್ತಾ, "ಇನ್ನು ಇವಳನ್ನು ಕಿತ್ತುಕೊಂಡು ಹೋಗಬೇಡ ತಮ್ಮಾ" ಎಂದಳಂತೆ. ಒಂದು ಟಿಕೆಟ್ ಹರಿದು ಹಾಕಿ ಅವನು ಒಬ್ಬನೇ ಮರಳಿದ.

"ಮಗುವಿಗೆ ಇದೆಲ್ಲ ಹೇಳಬೇಡಿ ಅಮ್ಮಾ. ಅಕ್ಕನ ಮೇಲೆ ಅವಳಿಗೆ ಸಿಟ್ಟು ಬರಬಾರದು. ಸಾಕಿದವಳು ಅಕ್ಕನೇ ಅಲ್ವಾ" ಎಂದು ನನ್ನಿಂದ ಮಾತು ತೆಗೆದುಕೊಂಡ. ಹತ್ತು ವರ್ಷ ಆ ಮಾತು ಉಳಿಸಿಕೊಂಡಿದ್ದೆ. ಇವತ್ತು ಮುರಿದಿದ್ದೇನೆ. ಅವನಿಗೆ ನೀನು ಬೇಡವಾಗಿದ್ದೆ ಎಂದು ನಂಬಿರುವುದನ್ನು ಕೇಳಿದ ಮೇಲೂ ಸುಮ್ಮನಿದ್ದರೆ ಅದು ನನ್ನ ಎರಡನೆಯ ತಪ್ಪಾಗುತ್ತದೆ. ನಿನ್ನ ಅತ್ತೆಯ ಮೇಲೆ ಬೇಸರ ಇಟ್ಟುಕೊಳ್ಳಬೇಡ. ಸಿಟ್ಟು ಮಾಡುವುದಿದ್ದರೆ ಈ ವಿಳಾಸಕ್ಕೆ ಬರೆ.

ಅಂಬರನಾಥದಿಂದ ಬಂದ ವರ್ಷವೇ ನಿಧಿಯ ನಿಯಮ ತಿದ್ದಿಸಿದೆ. 'ತಾಯಿ ಅಥವಾ ತಂದೆ' ಎಂದು ಈಗ ಅರ್ಜಿಯಲ್ಲಿದೆ. ಪಾಳಣಾಘರದ ಫೀಸು ಕೊಡುತ್ತೇವೆ, ಹಗಲಿನ ಕೆಲಸ ಹುಡುಕಿಕೊಡುತ್ತೇವೆ. ಜನ ನನ್ನನ್ನು ಹೊಗಳುತ್ತಾರೆ. ಪ್ರತಿ ಸಲ ತಲೆ ತಗ್ಗಿಸುತ್ತೇನೆ, ಅದನ್ನೂ ವಿನಯವೆಂದುಕೊಳ್ಳುತ್ತಾರೆ.

ಭಾನುವಾರ ಅವನಿಗೆ ರಜೆ. ಶಿವಮಂದಿರದ ರಸ್ತೆಯಲ್ಲಿ ಕೊನೆಯ ಚಾಳು, ಕೆಳಗಿನ ಕೋಣೆ. ನೀನು ಹೋದರೆ ಅವನಾಗಿ ಏನೂ ಹೇಳುವುದಿಲ್ಲ. ತಿಂಡಿ ಆಯ್ತಾ ಎಂದಷ್ಟೇ ಕೇಳಿಯಾನು. ಆಗಿದ್ದರೂ ಇಲ್ಲವೆನ್ನು.

ನಿನ್ನ ಕೈಗೆ ಬಂದ ಕೆಲಸ ಗಟ್ಟಿಯಾಗಿ ನಿಲ್ಲಲಿ, ನೀನು ನಡೆವಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪನನ್ನು ಬರಿಗೈಯಲ್ಲಿ ಕಳಿಸಿದವಳು,
ವೇದಾವತಿ